ಹದಿನೈದು ದಿನದ ಮುದ್ರೆ

ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಅಪ್ಪ ಗೌಂಡಿ. ಅವ್ವ ಅವನಿಗೆ ಸಿಮೆಂಟು ಕಲಸಿ ಬುಟ್ಟಿಯಲ್ಲಿ ಹೊತ್ತು ಕೊಡುವವಳು. ಯಾದಗಿರಿ ಕಡೆಯಿಂದ ಹೈದರಾಬಾದಿಗೆ ಬಂದ ಮೇಲೆ ಅವರು ಎಷ್ಟು ಮನೆ ಕಟ್ಟಿದರೋ ಅಷ್ಟು ಸಲ ನಾವು ಮನೆ ಬದಲಿಸಿದೆವು. ಕಟ್ಟಡ ಮುಗಿದರೆ ಅದರ ಮುಂದಿದ್ದ ನಮ್ಮ ತಗಡಿನ ಶೆಡ್ಡನ್ನೂ ಕೀಳುತ್ತಿದ್ದರು, ನನ್ನ ಶಾಲೆಯೂ ಬದಲಾಗುತ್ತಿತ್ತು. ಎರಡು ವರ್ಷ ತೆಲುಗಿನಲ್ಲಿ ಓದಿದೆ, ಒಂದು ವರ್ಷ ಎಲ್ಲೂ ಓದಲಿಲ್ಲ. ಕಾಚಿಗೂಡದಲ್ಲಿ ಬಾಡಿಗೆ ಕೋಣೆ ಹಿಡಿದ ಮೇಲೆ ಕನ್ನಡ ಶಾಲೆಯ ಬೆಂಚು ಸಿಕ್ಕಿತು. ಡಿಗ್ರಿಯಲ್ಲಿ ಇಂಗ್ಲಿಷ್ ಪೇಪರಿಗೆ ಎರಡು ಸಲ ನಪಾಸಾಗಿ ಮೂರನೆಯ ಸಲ ಪಾಸಾದೆ. ಅವತ್ತು ಅವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು. ಕೇಳಿದವರಿಗೆ, "ನಮ್ಮ ಹುಡುಗಿ ಇಂಗ್ಲಿಷ್ ಗೆದ್ದಾಳ" ಎನ್ನುತ್ತಿದ್ದಳು.

ಈಗ ಹಿಮಾಯತ್‌ನಗರದಲ್ಲಿ ಒಬ್ಬ ವಕೀಲರ ಕಚೇರಿಯಲ್ಲಿ ನನ್ನ ಕೆಲಸ. ಯಾವ ಕೇಸು ಯಾವ ತಾರೀಖಿಗೆ ಇದೆ ಎಂದು ಡೈರಿ ಇಡುವವಳು ನಾನು. ತಾರೀಖು ತಪ್ಪಿದರೆ ಕೇಸು ಬಿದ್ದುಹೋಗುತ್ತದೆ, ಕಕ್ಷಿದಾರ ಬೀದಿಗೆ ಬರುತ್ತಾನೆ, ವಕೀಲರು ನನ್ನ ಮುಖ ನೋಡುತ್ತಾರೆ. ಇಷ್ಟು ವರ್ಷಗಳಲ್ಲಿ ಒಂದೂ ತಪ್ಪಿಸಿಲ್ಲ. ಕಾಗದದ ಮೇಲೆ ತಾರೀಖು ಬಿತ್ತೆಂದರೆ ಅದು ನನ್ನ ಪಾಲಿಗೆ ಆಜ್ಞೆ. ದವಾಖಾನೆಯ ಚೀಟಿಯನ್ನೂ ನಾನು ಹಾಗೆಯೇ ಓದಿದೆ.

ಅದಕ್ಕೆ ಇನ್ನೊಂದು ಕಾರಣವೂ ಇತ್ತು. ಅಪ್ಪನಿಗೆ ತಿಂಗಳುಗಟ್ಟಲೆ ತಲೆನೋವಿತ್ತು. ಟವೆಲನ್ನು ತಲೆಗೆ ಬಿಗಿದು ಕಟ್ಟಿಕೊಂಡು ಸಾರುವೆ ಏರುತ್ತಿದ್ದ. ಬಿಸಿಲಿಗೆ ಹಾಗಾಗುತ್ತದೆ ಎಂದು ಅವನೂ ಅಂದುಕೊಂಡ, ನಾವೂ ಅಂದುಕೊಂಡೆವು. ಒಂದು ಮುಂಜಾನೆ ಗೋಡೆಗೆ ಗಿಲಾವು ಮಾಡುತ್ತಿದ್ದಾಗ ಬಲಗೈ ಸೋತು ಕರಣೆ ಕೆಳಗೆ ಬಿತ್ತು, ಅದರ ಹಿಂದೆ ಅವನೂ ಕುಸಿದ. ದೊಡ್ಡಾಸ್ಪತ್ರೆಯ ಡಾಕ್ಟರು, "ಬಿಪಿ ಯಾವಾಗಿನಿಂದ ಇದೆ?" ಎಂದು ಕೇಳಿದರು. ಅಪ್ಪನ ಬಿಪಿಯನ್ನು ಯಾರೂ ಒಂದು ಸಲವೂ ನೋಡಿರಲಿಲ್ಲ. ಎಂಟು ತಿಂಗಳು ಹಾಸಿಗೆಯಲ್ಲಿದ್ದು ಹೋದ. ಆ ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ.

ಹೀಗಾಗಿ ನಮ್ಮ ಓಣಿಯ ಎರಡು ತಿರುವು ದಾಟಿ ಸರ್ಕಾರಿ ದವಾಖಾನೆ ತೆರೆದಾಗ ಎಲ್ಲರಿಗಿಂತ ಹೆಚ್ಚು ಹಿಗ್ಗಿದವಳು ನಾನೇ. ಇರುವುದು ಎರಡೇ ಕೋಣೆ. ಒಬ್ಬ ಡಾಕ್ಟರು, ಒಬ್ಬ ನರ್ಸು, ಚೀಟಿ ಕೊಡಲು ಒಬ್ಬ ಹೆಂಗಸು. ತಪಾಸಣೆ, ರಕ್ತಪರೀಕ್ಷೆ, ಗುಳಿಗೆ ಎಲ್ಲ ಪುಕ್ಕಟೆ. ಅಪ್ಪನ ಕಾಲಕ್ಕೆ ಇದೊಂದು ಇದ್ದಿದ್ದರೆ ಎಂದು ಈಗಲೂ ಅನಿಸುತ್ತದೆ. ಆ ದವಾಖಾನೆಯನ್ನು ನಾನು ಇಲ್ಲಿ ದೂರುತ್ತಿಲ್ಲ. ಅವ್ವನಿಗೆ ಬಿಪಿ ಇದೆ ಎಂದು ಕಂಡುಹಿಡಿದದ್ದು ಅದೇ ದವಾಖಾನೆಯ ನರ್ಸು, ನಮ್ಮ ಮನೆಯ ಬಾಗಿಲಲ್ಲೇ ಕುಳಿತು. ದಿನಕ್ಕೊಂದು ಗುಳಿಗೆ ಶುರುವಾಯಿತು. ಮೊದಲ ಚೀಟಿಯ ಕೆಳಗೆ ನೇರಳೆ ಶಾಯಿಯಲ್ಲಿ ಇಂಗ್ಲಿಷಿನ ಒಂದು ಮುದ್ರೆ ಇತ್ತು. ಹದಿನೈದು ದಿನ ಬಿಟ್ಟು ಮತ್ತೆ ತೋರಿಸಬೇಕು ಎಂದು ಅದರ ಅರ್ಥ. ಅವ್ವನಿಗೆ ಓದಿ ಹೇಳಿದೆ. ಕಚೇರಿಯ ಡೈರಿಯಲ್ಲಿ ಕೇಸುಗಳ ಮಧ್ಯೆ ಅವ್ವನ ತಾರೀಖನ್ನೂ ಬರೆದುಕೊಂಡೆ. ಚೀಟಿಗಳನ್ನೆಲ್ಲ ಒಂದು ಫೈಲಿಗೆ ಹಾಕಿ ದಾರ ಕಟ್ಟಿದೆ.

ಒಂದೂವರೆ ವರ್ಷ ಒಂದು ತಾರೀಖೂ ತಪ್ಪಲಿಲ್ಲ. ಹದಿನೈದು ದಿನಕ್ಕೊಮ್ಮೆ ಅವ್ವ ಸೀರೆ ಬದಲಿಸಿ ನನ್ನ ಜೊತೆ ಹೊರಡುತ್ತಿದ್ದಳು. ಅವಳನ್ನು ಬೆಂಚಿನ ಮೇಲೆ ಕೂರಿಸಿ, ಚೀಟಿ ಮಾಡಿಸಿಕೊಟ್ಟು, ನಾನು ಕಚೇರಿಗೆ ಓಡುತ್ತಿದ್ದೆ. ಅವಳ ಪಾಳಿ ಬರುವಷ್ಟರಲ್ಲಿ ಹನ್ನೆರಡು ಹೊಡೆಯುತ್ತಿತ್ತು. ಬೆಂಚಿನ ಮೇಲೆ ಪ್ರತಿ ಸಲವೂ ಅದೇ ಮುದುಕರು. ಅವರಲ್ಲಿ ರೈಲ್ವೆಯಿಂದ ನಿವೃತ್ತರಾದ, ವಾಡಿ ಕಡೆಯ ಒಬ್ಬ ಅಜ್ಜ ಇದ್ದರು. ನಮ್ಮನ್ನು ಕಂಡ ಕೂಡಲೇ ಶುರು ಮಾಡುತ್ತಿದ್ದರು.

"ಬಾ ತಂಗಿ, ಹಾಜರಿ ಹಾಕು. ರೈಲ್ವೇದಾಗ ನಾ ಇಷ್ಟ ಬರೋಬ್ಬರಿ ಹಾಜರಿ ಹಾಕಿದ್ನೆಂದ್ರ ಸ್ಟೇಷನ್ ಮಾಸ್ತರ ಆಗಿ ಹೊರಗ ಬರ್ತಿದ್ದೆ."

"ನಿಮಗೇನ್ರಿ ಅಣ್ಣಾ, ಪೆನ್ಷನ್ ಬರ್ತೈತಿ, ಕುಂತು ಹರಟಿ ಹೊಡೀತೀರಿ. ನನ್ನ ಒಲಿ ಅಲ್ಲೆ ಆರಾಕತ್ತೈತಿ" ಎನ್ನುತ್ತಿದ್ದಳು ಅವ್ವ.

ಆ ಒಲೆಯ ಮಾತು ಹೇಳಬೇಕು. ಮೊಣಕಾಲು ಸೋತು ಬುಟ್ಟಿ ಹೊರುವುದು ಆಗದಾದ ಮೇಲೆ ಅವ್ವ ಕಾಚಿಗೂಡ ಸ್ಟೇಷನ್ನಿನ ಹತ್ತಿರದ ಒಂದು ಖಾನಾವಳಿಯಲ್ಲಿ ಜೋಳದ ರೊಟ್ಟಿ ಬಡಿಯಲು ಸೇರಿದ್ದಳು. ಕರ್ನಾಟಕದ ರೈಲು ಇಳಿದವರು, ಲಾಡ್ಜಿನಲ್ಲಿ ಉಳಿದವರು, ಕೋರ್ಟು ಕೆಲಸಕ್ಕೋ ಆಸ್ಪತ್ರೆಗೋ ಬಂದವರು ಅಲ್ಲಿ ಉಣ್ಣುತ್ತಾರೆ. ಖಾನಾವಳಿಯಲ್ಲಿ ಎರಡು ಒಲೆ. ಒಂದು ಹಿಂದಿನ ಗೋಡೆಯ ಕಡೆಗೆ, ಕಟ್ಟಿ ಒಯ್ಯುವ ರೊಟ್ಟಿಗೆ. ಇನ್ನೊಂದು ಮುಂದೆ, ಉಣ್ಣುವವರಿಗೆ ಕಾಣುವಂತೆ. ಅಲ್ಲಿಂದ ಹಂಚಿನ ಮೇಲಿನ ರೊಟ್ಟಿ ನೇರವಾಗಿ ತಟ್ಟೆಗೆ. ಮುಂದಿನ ಒಲೆ ಅವ್ವನದು. "ಆ ಅಜ್ಜಿ ಕೈಯಾಗಿನ ರೊಟ್ಟಿ ಹಾಕ್ರಿ" ಎಂದು ಗಿರಾಕಿಗಳು ಕೇಳಿ ಹಾಕಿಸಿಕೊಳ್ಳುತ್ತಾರೆ. ಮೂವತ್ತು ವರ್ಷ ಅವಳು ಹೊತ್ತ ಸಿಮೆಂಟು ಎಷ್ಟು ಮನೆಗಳ ಗೋಡೆಯೊಳಗಿದೆಯೋ ಲೆಕ್ಕವಿಲ್ಲ. ಗೃಹಪ್ರವೇಶದ ದಿನ ಆ ಮನೆಗಳ ಹೊಸ್ತಿಲೊಳಗೆ ಅವಳನ್ನು ಯಾರೂ ಕರೆಯುತ್ತಿರಲಿಲ್ಲ. ಈ ಒಲೆಯ ಮುಂದೆ ಮಾತ್ರ ರೊಟ್ಟಿ ಬಡಿದ ಕೈ ಯಾರದು ಎಂದು ಎಲ್ಲರಿಗೂ ಗೊತ್ತು.

ಹದಿನೈದು ದಿನಕ್ಕೊಮ್ಮೆ ಊಟದ ಹೊತ್ತಿಗೇ ಆ ಒಲೆ ಖಾಲಿ ಬೀಳತೊಡಗಿತು. ಮಾಲಕರು ಒಳ್ಳೆಯವರೇ, ಕಲಬುರಗಿ ಕಡೆಯವರು. ಮೊದಲೆಲ್ಲ ಸುಮ್ಮನಿದ್ದರು. ಕೊನೆಗೆ ಒಂದು ದಿನ ಹೇಳಿಯೇಬಿಟ್ಟರು.

"ಯಕ್ಕಾ, ನಿನ್ನ ತಪ್ಪಂತಲ್ಲ. ಆದ್ರ ಗಿರಾಕಿ ಕಾಯಂಗಿಲ್ಲ. ಮುಂದಿನ ತಿಂಗಳಿಂದ ಹೊಸದಾಗಿ ಬಂದಾಳಲ್ಲ, ಆಕಿ ಮುಂದಿನ ಒಲಿ ನೋಡ್ಕೊಳ್ಳಲಿ. ನೀ ಹಿಂದ ಕುಂದ್ರು, ನಿನಗೂ ಆರಾಮ ಆಗ್ತೈತಿ."

ಅವ್ವ ಮನೆಗೆ ಬಂದು ಇದನ್ನು ಹೇಳಿದಾಗ, ನಿಜ ಹೇಳುತ್ತೇನೆ, ನನಗೆ ಒಳಗೊಳಗೇ ಸಮಾಧಾನವಾಯಿತು. ಅವಳು ಕೆಲಸವನ್ನೇ ಬಿಡಲಿ ಎಂಬುದು ನನ್ನ ಆಸೆ. ನನ್ನ ಪಗಾರದಲ್ಲಿ ಇಬ್ಬರ ಹೊಟ್ಟೆ ತುಂಬುತ್ತದೆ. ಡಿಗ್ರಿ ಮಾಡಿದ ಮಗಳ ತಾಯಿ ಬೆಂಕಿಯ ಮುಂದೆ ಯಾಕೆ ಕೂಡಬೇಕು?

"ಬಿಟ್ಟಬಿಡು ಅವ್ವಾ. ನಿನ್ನ ಜೀವ ದೊಡ್ಡದೋ ರೊಟ್ಟಿ ದೊಡ್ಡದೋ?" ಎಂದೆ.

ಅವಳು ಎದ್ದು ಹೋಗಿ ಗೋಡೆಯ ಮಾಡದಿಂದ ಸ್ಟೀಲಿನ ಡಬ್ಬಿ ತಂದು ನನ್ನ ಮುಂದೆ ಬೋರಲು ಹಾಕಿದಳು. ಗುಳಿಗೆಯ ಪಟ್ಟಿಗಳು ನೆಲದ ಮೇಲೆಲ್ಲ ಹರಡಿದವು. ಒಂದೊಂದಾಗಿ ಸಾಲು ಹಚ್ಚಿದಳು. ಹನ್ನೆರಡು ಪಟ್ಟಿ, ಒಂದನ್ನೂ ಒಡೆದಿರಲಿಲ್ಲ.

"ನೀ ಚೀಟಿ ಓದ್ತಿ. ಇದು ಓದಾಕ ಬರ್ತೈತೇನ?"

"ಗುಳಗಿ ಬಿಟ್ಟೀಯೇನ ನೀ?" ಎಂದೆ.

"ಒಂದೂ ಬಿಟ್ಟಿಲ್ಲ. ದಿನಾ ಮುಂಜಾನಿ ಚಾ ಕುಡದು ನಿನ್ನ ಮುಂದ ತಗೋತೀನಿ. ಮೊದ್ಲೆಲ್ಲ ಪಟ್ಟಿ ತೀರಾಕೂ ದವಾಖಾನಿಗಿ ಹೋಗಾಕೂ ಸರಿ ಬರ್ತಿತ್ತು. ನಾಕು ತಿಂಗಳಾತು, ಉಳ್ಯಾಕತ್ತಾವ. ಯಾಕ ಉಳೀತಾವ ಹೇಳು, ಡಿಗ್ರಿ ಮಾಡೀಯಲ್ಲ."

"ಉಳೀಲಿ ಬಿಡು. ಪುಕ್ಕಟ ಕೊಡ್ತಾರ, ಇಟ್ಕೊ."

"ಪುಕ್ಕಟ ಅಂದ್ರ ಆಕಾಶದಿಂದ ಬಿದ್ದಾವೇನ? ನಾ ಡಬ್ಯಾಗ ಇಟ್ಟದ್ದು ಇನ್ನೊಬ್ಬರ ಹೊಟ್ಟಿಗಿ ಹೋಗೂದಿತ್ತು. ಮತ್ತ ಆ ಬೆಂಚ್ ನೋಡೀಯೇನ ನೀ ಎಂದಾರ? ನನ್ನ ಕುಂದ್ರಿಸಿ ಓಡಿ ಹೋಗ್ತಿ. ಹೋದ ಸಲ ಒಬ್ಬಾಂವ ಕೈಗಿ ಮೊಳಿ ಹೊಡಸ್ಕೊಂಡು ಬಂದಿದ್ದ. ರಕ್ತ ಸೋರಾಕತ್ತಿತ್ತು. ಬೆಂಚ್ ತುಂಬ ನಾವ ಕುಂತಿದ್ವಿ, ಏನೂ ಆಗದ ಮುದಕರು. ಅಂವ ಗ್ವಾಡಿ ಹಿಡದು ನಿಂತಿದ್ದ. ನಾ ಎದ್ದು ನನ್ನ ಪಾಳಿ ಕೊಟ್ಟೆ."

ಅವಳು ಇಷ್ಟು ದಿನ ಇದನ್ನು ಹೇಳಿರಲಿಲ್ಲ. ನಾನು ಕೇಳಿರಲೂ ಇಲ್ಲ. ಆದರೂ ನಾನು ಬಗ್ಗಲಿಲ್ಲ. ಚೀಟಿಯನ್ನು ಎತ್ತಿ ತೋರಿಸಿದೆ. ಮುದ್ರೆ ಇದೆ, ತಾರೀಖಿದೆ, ಡಾಕ್ಟರು ಬೇಕೆಂದೇ ಬರೆದಿರುತ್ತಾರೆ. ಅಪ್ಪನ ಹೆಸರೆತ್ತಿದೆ. ಅಪ್ಪನ ಮಾತು ಬಂದರೆ ನಮ್ಮ ಮನೆಯಲ್ಲಿ ವಾದ ನಿಲ್ಲುತ್ತದೆ. ಅವತ್ತೂ ನಿಂತಿತು. ಅವ್ವ ಪಟ್ಟಿಗಳನ್ನು ಡಬ್ಬಿಗೆ ತುಂಬುತ್ತ ಇಷ್ಟೇ ಅಂದಳು: "ಈ ಸಲ ನೀ ಒಳಗ ಬಾ. ನಾ ಒಂದು ಮಾತು ಕೇಳೂದೈತಿ."

ಮುಂದಿನ ತಾರೀಖಿಗೆ ಅರ್ಧ ದಿನ ರಜೆ ಹಾಕಿ ಅವಳ ಜೊತೆ ಒಳಗೆ ಹೋದೆ. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ವರಂಗಲ್ ಕಡೆಯವರು. ಅವರ ಮಾತು ತೆಲುಗು. ಅವ್ವನದು ಕಟ್ಟಡದ ಕೆಲಸದಲ್ಲಿ ಕಲಿತ ತೆಲುಗು, ಅರ್ಧ ಕನ್ನಡ. ಇಬ್ಬರಿಗೂ ಅರ್ಥವಾಗುತ್ತಿತ್ತು. ನಾನು ನಮ್ಮ ಭಾಷೆಯಲ್ಲೇ ಬರೆಯುತ್ತೇನೆ.

ಅವ್ವ ಕುಳಿತವಳೇ ಸೆರಗಿನೊಳಗಿಂದ ಡಬ್ಬಿ ತೆಗೆದು ಮೇಜಿನ ಮೇಲೆ ಇಟ್ಟು ಮುಚ್ಚಳ ತೆರೆದಳು. ಡಾಕ್ಟರ ಮುಖ ಬಿಗಿಯಾಯಿತು. ಅವರು ನನ್ನತ್ತ ತಿರುಗಿದರು.

"ಓದಿದವರ ಹಾಗೆ ಕಾಣುತ್ತೀರಿ. ತಾಯಿ ಗುಳಿಗೆ ನುಂಗದೆ ಡಬ್ಬಿಗೆ ತುಂಬುತ್ತಿದ್ದರೆ ನಿಮಗೆ ಗೊತ್ತಾಗಲಿಲ್ಲವಾ?"

ಅವ್ವ ನಡುವೆ ಬಂದಳು. "ಆಕಿಗಿ ಬೈಬ್ಯಾಡ್ರಿ ಡಾಕ್ಟರಮ್ಮಾ. ನೀವು ತಿಂಗಳದ್ದು ಕೊಡ್ತೀರಿ. ನಾನು ಹದಿನೈದು ದಿನಕ್ಕ ಬರ್ತೀನಿ. ದಿನಕ್ಕೊಂದು ನುಂಗಿದ್ರ ಉಳೀಬೇಕೋ ಬ್ಯಾಡೋ?"

ಡಾಕ್ಟರು ರಿಜಿಸ್ಟರು ತರಿಸಿದರು. ಬೆರಳಿಟ್ಟು ಸಾಲು ಸಾಲಾಗಿ ಮೇಲಕ್ಕೆ ಹೋದರು. ನಾಲ್ಕು ತಿಂಗಳ ಹಿಂದಿನವರೆಗೆ ಗುಳಿಗೆ ಹದಿನೈದು ದಿನದ್ದು, ಆಮೇಲೆ ಮೂವತ್ತು ದಿನದ್ದು. ಬಿಪಿಯ ಅಂಕಿ ಒಂದೂವರೆ ವರ್ಷದಲ್ಲಿ ಹೆಚ್ಚು ಕಡಿಮೆ ಅಲ್ಲೇ ನಿಂತಿತ್ತು. ಅವರು ಚೀಟಿ ಬರೆಯುವ ಹೆಂಗಸನ್ನು ಕರೆದು ಮುದ್ರೆಯ ಬಗ್ಗೆ ಕೇಳಿದರು.

"ನಾನು ಕೆಲಸಕ್ಕೆ ಸೇರಿದಾಗಲೇ ಇತ್ತು ಮೇಡಂ. ಇರೋದೇ ಎರಡು ಮುದ್ರೆ. ಗುಂಡನೆಯದು ದವಾಖಾನೆಯದು, ಉದ್ದನೆಯದು ಇದು. ಎರಡನ್ನೂ ಎಲ್ಲ ಚೀಟಿಗೂ ಹೊಡೆಯುತ್ತೇನೆ."

"ಎಲ್ಲದಕ್ಕೂ?"

"ಜ್ವರಕ್ಕೂ ಹೊಡೆಯುತ್ತೇನೆ ಮೇಡಂ. ಹೊಡೆಯಬೇಡ ಅಂತ ಯಾರೂ ಹೇಳಿಲ್ಲ."

ಡಾಕ್ಟರು ಹಣೆ ಒತ್ತಿಕೊಂಡರು. ಅವರಿಗೆ ಸಿಟ್ಟು ಬರುತ್ತದೆ ಎಂದುಕೊಂಡೆ, ನಗು ಬಂತು. ಗುಳಿಗೆ ಹದಿನೈದು ದಿನಕ್ಕಷ್ಟೇ ಕೊಡುತ್ತಿದ್ದ ಕಾಲದಲ್ಲಿ ಮಾಡಿಸಿದ ಮುದ್ರೆ ಅದು. ಗುಳಿಗೆಯ ಲೆಕ್ಕ ಬದಲಾಯಿತು, ಮುದ್ರೆ ಬದಲಾಗಲಿಲ್ಲ. ಓದಲು ಬಾರದವರು ಗುಳಿಗೆ ತೀರಿದಾಗ ಬರುತ್ತಿದ್ದರು. ಓದಲು ಬರುವವರ ಮನೆಯ ಮುದುಕರು ಮುದ್ರೆಯಂತೆ ಬಂದು ಬೆಂಚು ತುಂಬುತ್ತಿದ್ದರು. ನಾನು ಅಷ್ಟು ಕಷ್ಟಪಟ್ಟು ಕಲಿತ ಇಂಗ್ಲಿಷಿನಿಂದ ಅವ್ವನನ್ನು ಎಷ್ಟು ಮುಂಜಾನೆ ಅಲ್ಲಿ ಕೂರಿಸಿದ್ದೆ ಎಂದು ನೆನೆದು ಕಿವಿ ಬಿಸಿಯಾಯಿತು.

ಆಗ ಅವ್ವ ತಾನು ಕೇಳಬೇಕೆಂದಿದ್ದ ಮಾತು ಕೇಳಿದಳು.

"ಡಾಕ್ಟರಮ್ಮಾ, ನಾ ಇವತ್ತ ಬರಲಿಲ್ಲಂದ್ರ ಏನಾಗ್ತಿತ್ತು?"

ಡಾಕ್ಟರು ಸುಳ್ಳು ಹೇಳಬಹುದಿತ್ತು. ವಯಸ್ಸಾದವರು ಬಂದುಹೋಗುತ್ತಿದ್ದರೆ ಒಳ್ಳೆಯದು ಎಂದು ಸಾಗಹಾಕಬಹುದಿತ್ತು. ಹೊರಗೆ ಅಷ್ಟು ಜನ ಕಾಯುತ್ತಿದ್ದರು. ಅವರು, "ಏಮೀ ಅಯ್ಯೇದಿ ಕಾದಮ್ಮಾ" ಎಂದರು. ಏನೂ ಆಗುತ್ತಿರಲಿಲ್ಲ.

ನಾನಾಗಿದ್ದರೆ ಅಲ್ಲಿಗೆ ಎದ್ದು ಬರುತ್ತಿದ್ದೆ, ಗೆದ್ದವಳಂತೆ. ಅವ್ವ ಏಳಲಿಲ್ಲ. ಕುರ್ಚಿಯನ್ನು ಇನ್ನಷ್ಟು ಮುಂದೆ ಎಳೆದುಕೊಂಡಳು.

"ಹಂಗಾರ ಎಂದು ಬರಲಿಲ್ಲಂದ್ರ ಏನಾರ ಆಗ್ತೈತಿ? ಅದನ್ನ ಹೇಳ್ರಿ."

ವಕೀಲರ ಕಚೇರಿಯಲ್ಲಿ ಕೂತು ಬೇಕಾದಷ್ಟು ಸವಾಲು-ಜವಾಬು ಕೇಳಿದ್ದೇನೆ. ತನಗೆ ಬೇಕಾದ ಉತ್ತರ ಸಿಕ್ಕ ಮೇಲೆ ಅದರ ಎದುರಿನ ಪ್ರಶ್ನೆಯನ್ನೂ ತಾನೇ ಕೇಳುವವರನ್ನು ನಾನು ನೋಡಿದ್ದು ಕಡಿಮೆ. ನನ್ನ ಒಂದೂವರೆ ವರ್ಷದ ಫೈಲಿನಲ್ಲಿ ಆ ಪ್ರಶ್ನೆ ಎಲ್ಲೂ ಇರಲಿಲ್ಲ. ಅಪ್ಪನ ವಿಷಯದಲ್ಲಿ ನಾವು ಯಾರನ್ನಾದರೂ ಕೇಳಬೇಕಾಗಿದ್ದದ್ದೂ ಅದನ್ನೇ.

ಡಾಕ್ಟರು ಪೆನ್ನು ಕೆಳಗಿಟ್ಟು ಬೆರಳು ಮಡಚುತ್ತ ಹೇಳಿದರು. ಒಂದು ಕಡೆಯ ಕೈಯೋ ಕಾಲೋ ಸೋತರೆ, ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಎದೆ ಹಿಂಡಿದರೆ ಇಲ್ಲಿಗೂ ಬರಬೇಡ, ಆಂಬುಲೆನ್ಸಿಗೆ ಫೋನು ಮಾಡಿಸಿ ನೇರ ದೊಡ್ಡಾಸ್ಪತ್ರೆಗೆ ಹೋಗು. ಎದ್ದಾಗ ಕಣ್ಣು ಕತ್ತಲೆ ಬಂದರೆ, ನಡೆದರೆ ಏದುಸಿರು ಬಂದರೆ, ಪಾದ ಬಾತು ರಾತ್ರಿ ಮಲಗಿ ಎದ್ದರೂ ಇಳಿಯದಿದ್ದರೆ ಅವತ್ತೇ ಇಲ್ಲಿಗೆ ಬಾ, ತಾರೀಖು ನೋಡಬೇಡ. ಏನೂ ಇಲ್ಲದಿದ್ದರೆ ತಿಂಗಳಿಗೊಮ್ಮೆ ಓಣಿಗೆ ಬರುವ ನರ್ಸಿನ ಹತ್ತಿರ ಬಿಪಿ ನೋಡಿಸಿಕೋ, ಮೂರು ತಿಂಗಳಿಗೊಮ್ಮೆ ನನ್ನ ಹತ್ತಿರ ಬಾ. ಮೊದಲು ಡಬ್ಬಿಯೊಳಗಿನದು ತೀರಿಸು. ಗುಳಿಗೆ ಮಾತ್ರ ಒಂದು ದಿನವೂ ತಪ್ಪಕೂಡದು.

ನಾನು ಬರೆದುಕೊಳ್ಳಲು ಪೆನ್ನು ತೆಗೆದೆ. ಅವ್ವ ನನ್ನ ಕೈ ತಡೆದಳು.

"ನೀ ಬರಿಬ್ಯಾಡ. ನೀ ಬರದ್ರ ಅದು ನಿನ್ನ ಫೈಲಿನ್ಯಾಗ ಇರ್ತೈತಿ. ನನ್ನ ತಲ್ಯಾಗ ಇರಲಿ."

ಅವಳು ಎಲ್ಲವನ್ನೂ ಒಂದು ಸಲ ಬೆರಳು ಮಡಚಿ ತಿರುಗಿ ಹೇಳಿದಳು. ಒಂದು ಮರೆತಿದ್ದಳು, ಡಾಕ್ಟರು ನೆನಪಿಸಿದರು. ನಾವು ಏಳುವಾಗ ಡಾಕ್ಟರು ನನ್ನ ಮುಖ ನೋಡಿ ಏನನ್ನೋ ಗುರುತಿಸಿದರು ಎಂದು ತೋರುತ್ತದೆ. "ನಿಮ್ಮದು ತಪ್ಪಂತ ತಿಳಿಯಬೇಡಿ. ಬಾರದವರನ್ನು ಕರೆಸುವುದರಲ್ಲೇ ನನ್ನ ಅರ್ಧ ದಿನ ಹೋಗುತ್ತದೆ. ನೀವು ಕರೆದುಕೊಂಡು ಬಂದಿರಿ" ಎಂದರು. ಆ ಉದ್ದನೆಯ ಮುದ್ರೆಯನ್ನು ಅಲ್ಲಿಯೇ ತೆಗೆದು ತಮ್ಮ ಮೇಜಿನ ಖಾನೆಗೆ ಹಾಕಿಕೊಂಡರು.

ಹೊರಗೆ ರೈಲ್ವೆ ಅಜ್ಜ ಕಾಯುತ್ತಿದ್ದರು. "ಇಷ್ಟೊತ್ತು ಒಳಗ ಏನ ಮಾಡಿದ್ರಿ ತಾಯಿ ಮಗಳು, ಆಪರೇಷನ್ ಮಾಡಿಸ್ಕೊಂಡ್ರೇನು?"

ಅವ್ವ ಅವರಿಗೆ ಎರಡು ಪ್ರಶ್ನೆಗಳನ್ನೂ ಕಲಿಸಿದಳು. ಅವರು ಒಳಗೆ ಹೋಗಿ ಕೇಳಿಯೇಬಿಟ್ಟರು. ಹೊರಗೆ ಬಂದಾಗ ಮೋರೆ ಸಣ್ಣದಾಗಿತ್ತು. ಅವರಿಗೆ ಸಕ್ಕರೆ ಕಾಯಿಲೆ. ಕಾಲಿನ ಹೆಬ್ಬೆರಳಿನ ಗಾಯ ಮಾಯುವ ತನಕ ಹದಿನೈದು ದಿನವಲ್ಲ, ಎರಡು ದಿನಕ್ಕೊಮ್ಮೆ ಬಂದು ಪಟ್ಟಿ ಬದಲಿಸಿಕೊಳ್ಳಬೇಕು, ಇಲ್ಲದಿದ್ದರೆ ಬೆರಳು ಹೋಗಬಹುದು ಎಂದಿದ್ದರು.

"ನಿನ್ನ ಮಾತು ಕೇಳಿ ನನ್ನ ಹಾಜರಿ ಹೆಚ್ಚಾತಲ್ಲ ತಂಗಿ!"

"ಬೆರಳು ಉಳೀತಲ್ರಿ ಅಣ್ಣಾ. ಕುಂದರ್ರಿ, ಬೆಂಚ್ ಈಗ ನಿಮಗ ಖಾಲಿ ಆಗೈತಿ" ಎಂದಳು ಅವ್ವ.

ಅಲ್ಲಿಂದ ನೇರ ಖಾನಾವಳಿಗೆ ಹೋದಳು. ಮಾಲಕರಿಗೆ, ಇನ್ನು ಮೂರು ತಿಂಗಳಿಗೊಮ್ಮೆ ಹೋಗುತ್ತೇನೆ, ನಡುವೆ ಹೋದರೆ ನಿಜವಾಗಿ ಏನೋ ಆಗಿದೆ ಎಂದು ತಿಳಿಯಿರಿ ಎಂದು ಹೇಳಿದಳಂತೆ. "ಡಾಕ್ಟರ್ ಬಿಟ್ಟರೇನ ಯಕ್ಕಾ?" ಎಂದು ಅವರು ಕೇಳಿದರೆ, "ಬಿಟ್ಟಿಲ್ರಿ, ಇಬ್ಬರೂ ಮಾತಾಡಿ ಮುಗಿಸೀವಿ" ಎಂದಳಂತೆ. ಮುಂದಿನ ಒಲೆ ಅವಳಿಗೇ ಉಳಿಯಿತು.

ನನಗೆ ಮಾತ್ರ ಸಮಾಧಾನವಿರಲಿಲ್ಲ. ಹದಿನೈದನೆಯ ದಿನ ಬಂದರೆ ಕಚೇರಿಯಲ್ಲಿ ಕೈ ತಾನಾಗಿ ಡೈರಿಯ ಕಡೆ ಹೋಗುತ್ತಿತ್ತು. ಫೋನು ಮಾಡುತ್ತಿದ್ದೆ. "ಜೀವ ಐತಿ, ರೊಟ್ಟಿ ಬಡಿಯಾಕತ್ತೀನಿ, ಇಡು" ಎಂದು ಅವ್ವ ಕಟ್ ಮಾಡುತ್ತಿದ್ದಳು.

ಎರಡು ತಿಂಗಳು ಕಳೆದಿರಬೇಕು. ಒಂದು ಮುಂಜಾನೆ ಹನ್ನೊಂದರ ಸುಮಾರಿಗೆ ಖಾನಾವಳಿಯ ಮಾಲಕರ ಫೋನು ಬಂತು. "ತಂಗಿ, ಗಾಬರಿ ಆಗಬ್ಯಾಡ. ನಿಮ್ಮವ್ವ ಹಿಟ್ಟು ಅರ್ಧಕ್ಕ ಬಿಟ್ಟು ದವಾಖಾನಿಗಿ ಹೋದಳು." ಗಾಬರಿಯಾಗಬೇಡ ಎಂದರೆ ಆಗದಿರುತ್ತದೆಯೇ? ಹಿಮಾಯತ್‌ನಗರದಿಂದ ಆಟೋ ಹಿಡಿದು ಹೋಗುವಷ್ಟರಲ್ಲಿ ನನ್ನ ಕಣ್ಣ ಮುಂದೆ ಅಪ್ಪನ ಬಲಗೈ ಎಷ್ಟು ಸಲ ಬಂತೋ.

ಅವ್ವ ಡಾಕ್ಟರ ಎದುರಿಗೆ ಕಾಲು ಚಾಚಿ ಕುಳಿತಿದ್ದಳು, ಕೈಗೆ ಜೋಳದ ಹಿಟ್ಟು ಹಾಗೇ ಅಂಟಿತ್ತು. ಎರಡೂ ಪಾದ ಬಾತಿದ್ದವು. ಡಾಕ್ಟರು ಹೆಬ್ಬೆರಳಿನಿಂದ ಒತ್ತಿದರೆ ಕುಳಿ ಬಿದ್ದು ಹಾಗೇ ನಿಲ್ಲುತ್ತಿತ್ತು. ಚೀಟಿಯ ಹೆಂಗಸು ನನಗೆ ನಗುತ್ತ ಹೇಳಿದಳು: ತಾರೀಖು ಯಾವುದು ಎಂದು ಕೇಳಿದ್ದಕ್ಕೆ ಅವ್ವ, "ತಾರೀಖಿಲ್ಲ, ಕಾಲು ಐತಿ" ಎಂದು ಸೀರೆಯ ನೆರಿಗೆ ಎತ್ತಿ ತೋರಿಸಿದಳಂತೆ.

ನಿನ್ನೆ ಸಂಜೆ ಸ್ವಲ್ಪ ಬಾತಿತ್ತು, ಒಲೆಯ ಮುಂದೆ ಕುಳಿತದ್ದಕ್ಕೆ ಇರಬಹುದು ಎಂದು ಬಿಟ್ಟೆ, ಮುಂಜಾನೆ ಎದ್ದಾಗ ಇಳಿದಿರಲಿಲ್ಲ, ಚಪ್ಪಲಿ ಹಿಡಿಯಲಿಲ್ಲ, ಆದರೂ ಕೆಲಸಕ್ಕೆ ಹೋದೆ, ಇನ್ನೂ ಏರಿದಾಗ ಎದ್ದು ಬಂದೆ. ಹೀಗೆ ಅವ್ವ ಡಾಕ್ಟರಿಗೆ ಒಂದೂ ಬಿಡದೆ ಹೇಳಿದ್ದಳು. ಡಾಕ್ಟರು ಬಿಪಿ ನೋಡಿ, ಎದೆ ಪರೀಕ್ಷಿಸಿ, ಮೂತ್ರ ರಕ್ತ ಕೊಡಿಸಿ, ಇದು ಆ ಗುಳಿಗೆಯಿಂದ ಕೆಲವರಿಗೆ ಬರುವ ಬಾವು ಇರಬೇಕು, ಬೇರೆ ಗುಳಿಗೆ ಕೊಡುತ್ತೇನೆ, ವಾರಕ್ಕೆ ಇಳಿಯದಿದ್ದರೆ ಮತ್ತೆ ಬಾ ಎಂದರು. ನನ್ನ ಕಡೆ ತಿರುಗಿ, "ನನ್ನ ರೋಗಿಗಳಲ್ಲಿ ಇಷ್ಟು ಸರಿಯಾಗಿ ಹೇಳುವವರು ನಾಲ್ಕು ಜನ ಇದ್ದರೆ ಸಾಕಿತ್ತು" ಎಂದರು. ಮುಂಜಾನೆ ಅವಳ ಎದುರಿಗೇ ಕುಳಿತು ಚಹಾ ಕುಡಿದಿದ್ದೆ ನಾನು. ಅವಳ ಪಾದ ನೋಡಿರಲಿಲ್ಲ.

ಬೆಂಚಿನ ಮೇಲೆ ರಿಪೋರ್ಟಿಗೆ ಕಾಯುವಾಗ ನನ್ನ ಹಳೆಯ ಆಸೆ ಮತ್ತೆ ತಲೆಯೆತ್ತಿತು. "ಸಾಕವ್ವಾ, ಇನ್ನಾರ ಕೆಲಸ ಬಿಡು" ಎಂದೆ.

"ನೀ ಡಾಕ್ಟರೇನ? ಒಳಗ ಕುಂತಾರಲ್ಲ, ಕೇಳೋಣ ನಡಿ."

ರಿಪೋರ್ಟು ಒಯ್ದಾಗ ಕೇಳಿದೆವು. ಕೆಲಸ ಮಾಡಬಹುದು, ಆದರೆ ನೆಲಕ್ಕೆ ಕಾಲು ಮಡಚಿ ತಾಸುಗಟ್ಟಲೆ ಕೂಡಬಾರದು, ನಡುನಡುವೆ ಎದ್ದು ಅಡ್ಡಾಡಬೇಕು ಎಂದರು. ಒಡೆಯದ ಹಳೆಯ ಪಟ್ಟಿಗಳನ್ನು ಏನು ಮಾಡಲಿ ಎಂದು ಅವ್ವ ಕೇಳಿದಳು. ಒಮ್ಮೆ ಹೊರಗೆ ಹೋದದ್ದನ್ನು ಇನ್ನೊಬ್ಬರಿಗೆ ಕೊಡುವ ಹಾಗಿಲ್ಲ ಎಂದು ಡಾಕ್ಟರು ಹೇಳಿದಾಗ ಅವಳಿಗೆ ಬಹಳ ಬೇಜಾರಾಯಿತು. ಮನೆ ಮುಟ್ಟುವವರೆಗೂ ಅದನ್ನೇ ಗೊಣಗಿದಳು.

ಒಂದು ವಾರ ಮುಂದಿನ ಒಲೆಗೆ ಹೊಸ ಹೆಂಗಸು ಕುಳಿತಳು. ಪಾದ ಇಳಿಯಿತು. ಇದ್ದ ಹೆದರಿಕೆ ಒಂದೇ. ಮಾಲಕರು ಅವಳನ್ನು ಅಲ್ಲೇ ಇಟ್ಟುಕೊಂಡು ಅವ್ವನನ್ನು ಹಿಂದಕ್ಕೆ ಕಳಿಸಿದರೆ? ಅವ್ವ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಆ ವಾರ ಮನೆಯಲ್ಲಿ ಅವಳು ಬಡಿದ ರೊಟ್ಟಿಯ ಸದ್ದು ಓಣಿಯ ತುದಿಗೂ ಕೇಳುತ್ತಿತ್ತು. ಭಾನುವಾರ ಅವಳ ಜೊತೆ ನಾನೂ ಖಾನಾವಳಿಗೆ ಹೋದೆ. ಇಷ್ಟು ವರ್ಷದಲ್ಲಿ ಅವಳು ಅಲ್ಲಿ ಕೆಲಸ ಮಾಡುವುದನ್ನು ನಾನು ನೋಡಿರಲಿಲ್ಲ. ನೋಡಲು ಇಷ್ಟವಿರಲಿಲ್ಲ ಎಂದರೇ ಸರಿ.

ಹೊಸ ಹೆಂಗಸು ಹಿಂದಿನ ಒಲೆಯ ಹತ್ತಿರ ಕುಳಿತಿದ್ದಳು. ಅವ್ವ ಹೇಳಿಕಳಿಸಿದ್ದ ಡಾಕ್ಟರ ಮಾತು ಕೇಳಿ ಮುಂದಿನ ಒಲೆಯನ್ನು ಮಾಲಕರು ಕಲ್ಲಿನ ಕಟ್ಟೆಯ ಮೇಲೆ ಏರಿಸಿದ್ದರು, ಪಕ್ಕಕ್ಕೆ ಒಂದು ಎತ್ತರದ ಸ್ಟೂಲು.

"ಬಾ ಯಕ್ಕಾ, ಕಾಲು ಇಳಿಬಿಟ್ಟು ಕುಂದ್ರು. ಅರ್ಧಕ್ಕ ಎದ್ದು ಹೋದಾಕಿ, ಗುಣಾ ಆಗೇ ಬರ್ತಿ ಅಂತ ಗೊತ್ತಿತ್ತು."

ಅವ್ವ ಸ್ಟೂಲು ಅಲುಗಾಡಿಸಿ ನೋಡಿ ಕುಳಿತಳು. ಹೊಸ ಎತ್ತರ ಅವಳ ಕೈಗೆ ಒಗ್ಗಲಿಲ್ಲ. ಮೊದಲ ಮೂರು ರೊಟ್ಟಿಯ ಅಂಚು ಹರಿಯಿತು. ಹಿಂದಿನ ಒಲೆಯಿಂದ ನಗು ಕೇಳಿಸಿತು. ಅವ್ವ ಯಾರ ಮುಖವನ್ನೂ ನೋಡದೆ ಆ ಮೂರನ್ನೂ ನನ್ನ ತಟ್ಟೆಗೆ ಹಾಕಿದಳು. ನಾಲ್ಕನೆಯದು ಹಂಚಿನ ಮೇಲೆ ಪೂರ್ತಿ ಉಬ್ಬಿತು. ನಾನು ತಟ್ಟೆ ಮುಂದೆ ಹಿಡಿದೆ. ಅವಳು ಅದನ್ನು ನನಗೆ ಕೊಡಲಿಲ್ಲ, ರೈಲು ಇಳಿದು ಆಗಷ್ಟೇ ಬಂದು ಕುಳಿತಿದ್ದ ಗಿರಾಕಿಗೆ ಹಾಕಿದಳು.